ಕಿವಿಗೆ ಹನಿ ಹಾಕುವ ಮೊದಲು

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕನ್ನಡ ಅಧ್ಯಾಪಿಕೆಯೊಬ್ಬರು ಮಾಡಿದ ಭಾಷಣದ ಬರಹ ರೂಪ.)



ಪ್ರತಿ ವರ್ಷ ಈ ಸಭೆಯಲ್ಲಿ ನಾನು ಮಾತನಾಡುವುದು ಪಾಠಪುಸ್ತಕ, ಕಾಗುಣಿತ, ಮನೆಯಲ್ಲಿ ಓದಿಸುವ ಕ್ರಮ ಇವುಗಳ ಬಗ್ಗೆ. ಈ ಸಲ ಕಿವಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವೈದ್ಯೆಯಲ್ಲ. ಬಿ.ಎಡ್. ಮಾಡಿ ಇಪ್ಪತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿರುವವಳು. ಕನ್ನಡದ ಟೀಚರಿಗೆ ಕಿವಿಯ ಮದ್ದಿನ ಉಸಾಬರಿ ಯಾಕೆ ಎಂದು ತಮಗೆ ಅನಿಸಬಹುದು. ಅದಕ್ಕೆ ಕಾರಣವಾದದ್ದು ನನ್ನದೇ ಒಂದು ತಪ್ಪು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಆರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅಕ್ಷರ ದುಂಡಗೆ, ಓದು ಸ್ಪಷ್ಟ. ಒಂದು ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಅವನ ಉಕ್ತಲೇಖನ ಹಾಳಾಗತೊಡಗಿತು. ನಾನು ‘ಕೆರೆ’ ಎಂದರೆ ಅವನು ‘ಗೆರೆ’ ಎಂದು ಬರೆಯುತ್ತಿದ್ದ, ‘ಪಾಠ’ ಎಂದರೆ ‘ಆಟ’. ಕರೆದರೆ ತಿರುಗುತ್ತಿರಲಿಲ್ಲ. ರಜೆಯಲ್ಲಿ ಕುಣಿದು ಬಂದವನು, ಮನಸ್ಸು ಇನ್ನೂ ತೋಟದ ಕೆರೆಯಲ್ಲೇ ಇದೆ ಎಂದು ನಾನು ತಿಳಿದೆ. ಗದರಿದೆ. ಹಿಂದಿನ ಬೆಂಚಿಗೆ ಕಳುಹಿಸಿದೆ. ಪುಸ್ತಕದಲ್ಲಿ ಕೆಂಪು ಶಾಯಿಯಿಂದ ‘ಗಮನ ಸಾಲದು’ ಎಂದೂ ಬರೆದೆ. ಒಂದು ದಿನ ಕಿಟಕಿಯಿಂದ ಮಳೆಯ ಇರಚಲು ಬರುತ್ತಿದೆ ಎಂದು ತರಗತಿಯ ಆಚೆ ಬದಿಗೆ ಹೋಗಿ ನಿಂತು ಉಕ್ತಲೇಖನ ಕೊಟ್ಟೆ. ಅಂದು ಅವನದು ಹತ್ತಕ್ಕೆ ಹತ್ತು ಸರಿ! ಹತ್ತಿರ ಕರೆದು ಕೇಳಿದರೆ ತಲೆ ತಗ್ಗಿಸಿ, “ಟೀಚರ್, ಈ ಕಡೆಯಿಂದ ಹೇಳಿದ್ರೆ ಕೇಳ್ತದೆ. ಆ ಕಡೆಯಿಂದ ಕೇಳುದಿಲ್ಲ” ಎಂದ.

ಬಿ.ಎಡ್. ತರಬೇತಿಯಲ್ಲಿ ಕಿವಿ ಮಂದವಾದ ಮಗುವನ್ನು ಗುರುತಿಸುವುದು ಹೇಗೆ ಎಂಬ ಪಾಠವೇ ಇತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ತರಗತಿಯಲ್ಲಿ ಅಂತಹ ಮಗು ಎದುರಿಗೇ ಇದ್ದಾಗ ಮಾತ್ರ ನನಗೆ ಕಾಣಲಿಲ್ಲ.

ಮರುದಿನ ಅವನ ತಾಯಿಯನ್ನು ಬರಹೇಳಿದೆ. ಆಕೆ ಪುತ್ತೂರಿನ ಕಡೆಯಿಂದ ಮದುವೆಯಾಗಿ ಬಂದವರು. ಕನ್ನಡ, ತುಳು ಬಲ್ಲರು. ಮಲಯಾಳ ಅಷ್ಟಕ್ಕಷ್ಟೆ. ನಡೆದದ್ದನ್ನೆಲ್ಲ ಹೇಳಿದರು. ಮೇ ತಿಂಗಳಿಡೀ ಹುಡುಗ ಕೆರೆಯಲ್ಲಿ ಮುಳುಗು ಹಾಕಿದ್ದಾನೆ. ಕಿವಿ ತುರಿಸಿದಾಗ ಕೋಳಿಗರಿ, ಹಿಡಿಸೂಡಿಯ ಕಡ್ಡಿ ಹಾಕಿ ತಿರುವಿದ್ದಾನೆ. ನೋವು ಬಂದಾಗ ಅಜ್ಜಿ ತೆಂಗಿನೆಣ್ಣೆ ಬಿಸಿಮಾಡಿ ಬಿಟ್ಟಿದ್ದಾರೆ. ನೋವು ಹೆಚ್ಚಾದ ಮೇಲೆ ವೈದ್ಯರಲ್ಲಿಗೆ ಹೋದದ್ದೂ ಉಂಟು. ವೈದ್ಯರು ಸರಿಯಾದ ಹನಿಮದ್ದನ್ನೇ ಕೊಟ್ಟು, ಮಲಯಾಳದಲ್ಲಿ ‘ಮೂನ್ನು ತುಳ್ಳಿ, ದಿವಸಂ ಮೂನ್ನು ನೇರಂ’ ಎಂದಿದ್ದಾರೆ. ಮೂರು ಹನಿ, ದಿನಕ್ಕೆ ಮೂರು ಹೊತ್ತು ಎಂದು ಅದರ ಅರ್ಥ. ತಾಯಿಯ ಕಿವಿಗೆ ಬಿದ್ದದ್ದು ‘ಮೂನ್ನು’ ಮತ್ತು ‘ದಿವಸಂ’ ಎಂಬ ಎರಡು ಮಾತು. ಮೂರು ದಿವಸ ಎಂದು ತಿಳಿದರು. ಬೆಳಿಗ್ಗೆ ಮೂರು ಹನಿ, ರಾತ್ರಿ ಮೂರು ಹನಿ, ಮೂರು ದಿನ ಹಾಕಿ ನಿಲ್ಲಿಸಿದರು. ಚೀಟಿಯಲ್ಲಿ ಹತ್ತು ದಿನ ಎಂದು ಇಂಗ್ಲಿಷಿನಲ್ಲಿ ಇತ್ತು. ಅದನ್ನು ಓದಿದವರಿಲ್ಲ. 90 ಹನಿ ಬೀಳಬೇಕಾದಲ್ಲಿ ಬಿದ್ದದ್ದು 18 ಹನಿ.

“ಒಮ್ಮೆ ತಿರುಗಿ ಕೇಳಬಹುದಿತ್ತಲ್ಲ?” ಎಂದೆ. “ಹಿಂದೆ ತುಂಬಾ ಜನ ನಿಂತಿದ್ರು ಟೀಚರ್. ಭಾಷೆ ಬರುದಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು. ಹೂಂ ಅಂತ ತಲೆ ಆಡಿಸಿದೆ” ಎಂದರು.

ನೋವು ಕಡಿಮೆಯಾಯಿತು, ರೋಗ ಹೋಗಲಿಲ್ಲ. ಮತ್ತೆ ತುರಿಕೆ ಬಂದಾಗಲೆಲ್ಲ ಉಳಿದ ಮದ್ದನ್ನು ಒಂದೆರಡು ದಿನ ಹಾಕುವುದು, ಬಿಡುವುದು. ಅದು ಮುಗಿದ ಮೇಲೆ ನೆರೆಮನೆಯವರ ಹಳೆಯ ಸೀಸೆ. ಕೊನೆಗೆ ಕಿವಿ ಮೂಗು ಗಂಟಲಿನ ವೈದ್ಯರು ದೀಪ ಹಾಕಿ ನೋಡಿದಾಗ, ಮಳೆಗಾಲದಲ್ಲಿ ಒಣಗದ ಬಟ್ಟೆಯ ಮೇಲೆ ಹಿಡಿಯುವಂತಹ ಬೂಷ್ಟು ಹುಡುಗನ ಕಿವಿಯ ನಾಳದ ತುಂಬ ಬೆಳೆದು ಮುಚ್ಚಿಬಿಟ್ಟಿತ್ತು. ವೈದ್ಯರು ಅದನ್ನು ತೆಗೆದು ಶುಚಿ ಮಾಡಿ, ಬೂಷ್ಟಿಗೆ ತಕ್ಕ ಬೇರೆ ಹನಿಮದ್ದು ಕೊಟ್ಟರು. ಎರಡು ವಾರ ತಪ್ಪದೆ ಹಾಕಿದರು. ದೇವರ ದಯೆ, ಕೇಳಿಸುವುದು ಮೊದಲಿನಂತಾಯಿತು. ಆ ಕೆಂಪು ಶಾಯಿಯ ಎರಡು ಪದಗಳನ್ನು ನಾನು ಹೊಡೆದುಹಾಕಿ ಸಹಿ ಮಾಡಿದೆ.

ಬಂಧುಗಳೇ, ಇಷ್ಟೆಲ್ಲ ಆದದ್ದು ಒಂದು ಸಣ್ಣ ಸೀಸೆಯ ಸುತ್ತ. ಆದ್ದರಿಂದ ಆ ವೈದ್ಯರಲ್ಲಿ ನಾನೇ ಕುಳಿತು ಕೇಳಿ ತಿಳಿದುಕೊಂಡದ್ದನ್ನು, ಆಮೇಲೆ ಓದಿ ಅರಿತದ್ದನ್ನು ತಮ್ಮ ಮುಂದಿಡುತ್ತೇನೆ.

ಕಿವಿಯ ಹೊರಗಿನ ತೂತಿನಿಂದ ಒಳಗಿನ ತಮಟೆಯವರೆಗೆ ಒಂದು ನಾಳವಿದೆ. ದೊಡ್ಡವರಲ್ಲಿ ಅದು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಮಕ್ಕಳಲ್ಲಿ ಇನ್ನೂ ಗಿಡ್ಡ. ಅದು ನೇರ ಕೊಳವೆಯಲ್ಲ, ಸ್ವಲ್ಪ ಡೊಂಕು. ಅದರ ಚರ್ಮ ಬಹಳ ತೆಳುವು. ಗುಗ್ಗೆ ಎಂದರೆ ಕೊಳೆ ಎಂದು ನಾವು ತಿಳಿದಿದ್ದೇವೆ. ಅದು ಕೊಳೆಯಲ್ಲ, ಆ ಚರ್ಮಕ್ಕೆ ಪ್ರಕೃತಿ ಕೊಟ್ಟ ರಕ್ಷಣೆ. ಅದರಲ್ಲಿ ಸ್ವಲ್ಪ ಹುಳಿ ಗುಣ ಇರುವುದರಿಂದ ರೋಗಾಣುಗಳು ಸುಲಭವಾಗಿ ಬೆಳೆಯುವುದಿಲ್ಲ. ಒಳಗಿನ ಚರ್ಮ ನಿಧಾನವಾಗಿ ಹೊರಗೆ ಸರಿಯುತ್ತ ಗುಗ್ಗೆಯನ್ನೂ ತಾನಾಗಿ ಹೊರಗೆ ತರುತ್ತದೆ. ನಾವು ಕಡ್ಡಿ, ಪಿನ್ನು, ಹತ್ತಿ ಸುತ್ತಿದ ಬಡ್ಸ್ ಹಾಕಿದರೆ ಆಗುವುದು ಎರಡೇ ಕೆಲಸ: ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತದೆ, ಚರ್ಮ ಗೀರುತ್ತದೆ.

ಗೀರಿದ ಚರ್ಮಕ್ಕೆ ನೀರು ಸೇರಿ ಒದ್ದೆಯಾಗಿಯೇ ಉಳಿದರೆ ಸೋಂಕು ಹಿಡಿಯುತ್ತದೆ. ನಮ್ಮ ಮಕ್ಕಳು ಏಪ್ರಿಲ್-ಮೇ ತಿಂಗಳಲ್ಲಿ ಕೆರೆ ಹೊಳೆಗಳಿಗೆ ಹಾರುತ್ತಾರೆ. ಜೂನ್ ಬಂತೆಂದರೆ ಮಳೆ, ಗಾಳಿಯಲ್ಲೇ ತೇವ. ಹಾಗಾಗಿ ಶಾಲೆ ತೆರೆಯುವ ಹೊತ್ತಿಗೆ ಕಿವಿನೋವಿನವರು ಹೆಚ್ಚು. ಮೊದಲು ತುರಿಕೆ, ಆಮೇಲೆ ನೋವು, ಕಿವಿ ಕಟ್ಟಿದ ಹಾಗೆ ಆಗುವುದು, ತೆಳ್ಳಗೆ ಸೋರುವುದು. ಇದಕ್ಕೆ ಒಂದು ಗುರುತು ಇದೆ. ಕಿವಿಯ ಹಾಲೆಯನ್ನು ಮೆಲ್ಲನೆ ಎಳೆದರೆ, ಅಥವಾ ತೂತಿನ ಮುಂದಿರುವ ಸಣ್ಣ ಗಂಟನ್ನು ಒತ್ತಿದರೆ ಮಗು ‘ಅಯ್ಯೋ’ ಎನ್ನುತ್ತದೆ. ಹಾಗಿದ್ದರೆ ಸೋಂಕು ಹೆಚ್ಚಾಗಿ ಈ ಹೊರ ನಾಳದ್ದು.

ಇನ್ನೊಂದು ಬಗೆಯ ಕಿವಿನೋವು ಇದೆ. ಶೀತ, ನೆಗಡಿ, ಜ್ವರದ ಹಿಂದೆಯೇ ಬರುವಂಥದ್ದು. ಅದು ತಮಟೆಯ ಆಚೆ, ನಡುಗಿವಿಯಲ್ಲಿ ಕೀವು ತುಂಬುವುದರಿಂದ ಆಗುವುದು. ತಮಟೆ ಗೋಡೆಯಂತೆ ಅಡ್ಡ ಇರುವಾಗ ಹೊರಗಿನಿಂದ ಹಾಕಿದ ಹನಿ ಅಲ್ಲಿಗೆ ತಲುಪುವುದಿಲ್ಲ. ಅದರ ಚಿಕಿತ್ಸೆಯೇ ಬೇರೆ. ಕೆಲವೊಮ್ಮೆ ಕೀವಿನ ಒತ್ತಡಕ್ಕೆ ತಮಟೆ ತೂತಾಗಿ ಕಿವಿ ಸೋರುತ್ತದೆ, ನೋವು ಒಮ್ಮೆಲೇ ಇಳಿಯುತ್ತದೆ. ಗುಣವಾಯಿತು ಎಂದು ನಾವು ನಂಬಿ ಕೂರುತ್ತೇವೆ.

ತಮಟೆ ಇಡಿಯಾಗಿದೆಯೋ ತೂತಾಗಿದೆಯೋ ಎಂದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ವೈದ್ಯರು ಉಪಕರಣ ಇಟ್ಟು ನೋಡಬೇಕು. ಅದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಜೆಂಟಾಮೈಸಿನ್, ನಿಯೋಮೈಸಿನ್ ಮುಂತಾದ ಔಷಧಗಳಿರುವ ಹನಿಗಳು ತಮಟೆಯ ತೂತಿನಿಂದ ಒಳಕ್ಕೆ ಇಳಿದರೆ ಒಳಗಿವಿಯ ಸೂಕ್ಷ್ಮ ಭಾಗಕ್ಕೆ ಹಾನಿಮಾಡಿ ಕೇಳುವ ಶಕ್ತಿಯನ್ನೇ ಕೆಡಿಸಬಲ್ಲವು. ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್ ಹನಿಗಳಿಗೆ ಆ ದೋಷವಿಲ್ಲವೆಂದು ತಮಟೆ ತೂತಾಗಿರುವಾಗ ವೈದ್ಯರು ಅವನ್ನು ಆರಿಸುತ್ತಾರೆ. ಬೂಷ್ಟಿನ ಸೋಂಕಿಗೆ ಕ್ಲೋಟ್ರಿಮಜೋಲ್‌ನಂಥ ಬೇರೆ ಔಷಧ ಬೇಕು. ಬ್ಯಾಕ್ಟೀರಿಯಾದ ಮದ್ದು ಅದನ್ನು ಕೊಲ್ಲುವುದಿಲ್ಲ. ವಾರಗಟ್ಟಲೆ ಹಾಕಿದರೆ ಬೂಷ್ಟು ಬೆಳೆಯಲು ದಾರಿಯೇ ಆಗಬಹುದು. ಊತ ಇಳಿಸಲು ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ಗುಗ್ಗೆ ಕರಗಿಸುವ ಹನಿ ಎಂಬುದು ಇನ್ನೂ ಬೇರೆ. ಸೋಂಕಿಗೆ ಅದು ಮದ್ದಲ್ಲ. ಅಂಗಡಿಯಲ್ಲಿ ‘ಕಿವಿನೋವಿಗೆ ಒಂದು ಡ್ರಾಪ್ಸ್ ಕೊಡಿ’ ಎಂದರೆ ಇವುಗಳಲ್ಲಿ ಯಾವುದನ್ನು ಕೊಡಬೇಕು? ಅಂಗಡಿಯವರು ಕಿವಿಯೊಳಗೆ ನೋಡಿಲ್ಲ, ನಾವೂ ನೋಡಿಲ್ಲ. ಆದ್ದರಿಂದ ಕಿವಿ ಪರೀಕ್ಷೆ ಮೊದಲು, ಮದ್ದು ಆಮೇಲೆ.

ಈಗ ಹನಿ ಹಾಕುವ ಕ್ರಮ. ಕೇಳಲು ಸುಲಭ, ತಪ್ಪುವುದು ಅಲ್ಲಿಯೇ.

ಮೊದಲು ಸೀಸೆಯನ್ನು ನೋಡಿ. ಇಂಗ್ಲಿಷಿನಲ್ಲಿ ಕಣ್ಣಿಗೂ ಕಿವಿಗೂ ಮೂರು ಮೂರೇ ಅಕ್ಷರ, ಎರಡೂ ‘ಇ’ ಎಂಬ ಒಂದೇ ಅಕ್ಷರದಿಂದ ಆರಂಭ. ಅವಸರದಲ್ಲಿ ಕಣ್ಣು ತಪ್ಪುವುದು ಸಹಜ. ಕಿವಿಯ ಮದ್ದು ಕಣ್ಣಿಗೆ ಬಿದ್ದರೆ ಅಪಾಯ. ಮನೆಯಲ್ಲಿ ಎರಡೂ ಇದ್ದರೆ ಕಿವಿಯದರ ಮೇಲೆ ಒಂದು ಕಾಗದ ಅಂಟಿಸಿ ‘ಕಿವಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ. ಯಾವ ಕಿವಿ, ಎಡವೋ ಬಲವೋ, ಅದನ್ನೂ ಬರೆಯಿರಿ. ಅಂಟು ಪದಾರ್ಥದ ಸಣ್ಣ ಸೀಸೆಗಳನ್ನು ಮದ್ದಿನ ಹತ್ತಿರ ಇಡಲೇಬೇಡಿ. ಮದ್ದೆಂದು ತಿಳಿದು ಅಂಟನ್ನು ಕಿವಿಗೆ ಬಿಟ್ಟ ಪ್ರಕರಣಗಳು ವೈದ್ಯರಿಗೆ ಹೊಸದಲ್ಲ. ಅವಧಿ ಮುಗಿಯುವ ದಿನಾಂಕ ನೋಡಿ. ಸೀಸೆ ತೆರೆದ ದಿನವನ್ನೂ ಬರೆದಿಡಿ. ತೆರೆದ ಮೇಲೆ ಸಾಮಾನ್ಯವಾಗಿ ನಾಲ್ಕು ವಾರ ಕಳೆದರೆ, ಮದ್ದು ಉಳಿದಿದ್ದರೂ, ಎಸೆಯಬೇಕು.

ಕೈಯನ್ನು ಸಾಬೂನು ಹಚ್ಚಿ ತೊಳೆಯಿರಿ. ಸೀಸೆಯನ್ನು ಮುಷ್ಟಿಯೊಳಗೆ ಒಂದೆರಡು ನಿಮಿಷ ಹಿಡಿದು ಮೈಯ ಬಿಸಿಗೆ ತನ್ನಿ. ತಣ್ಣನೆಯ ಹನಿ ಒಳಗೆ ಹೋದರೆ ತಲೆ ತಿರುಗುತ್ತದೆ. ಮಗು ಹೆದರಿ ಮರುದಿನ ಹತ್ತಿರವೇ ಬರುವುದಿಲ್ಲ. ಆದರೆ ಒಲೆಯ ಮೇಲೆ, ಕುದಿಯುವ ನೀರಿನಲ್ಲಿ ಇಟ್ಟು ಬಿಸಿಮಾಡಕೂಡದು. ಕುಲುಕಬೇಕೆಂದು ಬರೆದಿದ್ದರೆ ಕುಲುಕಿ.

ಮಗುವನ್ನು ನೋವಿನ ಕಿವಿ ಮೇಲಾಗುವಂತೆ ಮಗ್ಗುಲಾಗಿ ಮಲಗಿಸಿ. ಹೊರಗೆ ಕೀವು ಇದ್ದರೆ ಶುದ್ಧ ಬಟ್ಟೆಯಿಂದ ಹೊರಭಾಗ ಮಾತ್ರ ಒರೆಸಿ. ನಾಳ ಡೊಂಕು ಎಂದೆನಲ್ಲ, ಅದನ್ನು ನೇರ ಮಾಡಬೇಕು. ಮೂರು ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಕಿವಿಯ ಹಾಲೆಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಮೆಲ್ಲನೆ ಎಳೆಯಿರಿ. ಮೂರು ವರ್ಷದ ಒಳಗಿನ ಕೂಸಿಗೆ ಕೆಳಕ್ಕೆ ಮತ್ತು ಹಿಂದಕ್ಕೆ. ಸೀಸೆಯ ಮೂತಿ ಕಿವಿಗಾಗಲಿ ಬೆರಳಿಗಾಗಲಿ ತಾಗಬಾರದು. ತಾಗಿದರೆ ರೋಗಾಣು ಸೀಸೆಯೊಳಗೆ ಸೇರುತ್ತದೆ. ವೈದ್ಯರು ಹೇಳಿದಷ್ಟು ಹನಿಯನ್ನು ಎಣಿಸಿ, ನಾಳದ ಗೋಡೆಯ ಮೇಲೆ ಜಾರುವಂತೆ ಬಿಡಿ. ಆಮೇಲೆ ತೂತಿನ ಮುಂದಿನ ಗಂಟನ್ನು ಬೆರಳಿನಿಂದ ನಾಲ್ಕೈದು ಸಲ ಮೆಲ್ಲನೆ ಒತ್ತಿ ಬಿಡಿ. ಒಳಗಿನ ಗಾಳಿ ಹೊರಬಂದು ಮದ್ದು ಕೆಳಗೆ ಇಳಿಯುತ್ತದೆ. ಮಗು ಮೂರರಿಂದ ಐದು ನಿಮಿಷ ಹಾಗೆಯೇ ಮಲಗಿರಬೇಕು. ನಾವು ಹೆಚ್ಚಾಗಿ ತಪ್ಪುವುದು ಇಲ್ಲಿ. ಹನಿ ಬಿದ್ದ ಕೂಡಲೇ ಮಗು ಎದ್ದು ಓಡುತ್ತದೆ, ಮದ್ದು ಕುತ್ತಿಗೆಗೆ ಇಳಿಯುತ್ತದೆ. ಒಂದು ಕಥೆ ಹೇಳಿ, ಮಗ್ಗಿ ಹೇಳಿಸಿ. ಹದಿನಾರರವರೆಗಿನ ಮಗ್ಗಿ ಮುಗಿಯುವಾಗ ಸಮಯವೂ ಆಯಿತು, ಲೆಕ್ಕದ ಅಧ್ಯಾಪಕರಿಗೂ ಸಂತೋಷ.

ಹತ್ತಿಯನ್ನು ಒಳಕ್ಕೆ ತುರುಕಬೇಡಿ. ಅದು ಮದ್ದನ್ನು ಹೀರಿಬಿಡುತ್ತದೆ. ನಾಳ ಬಹಳ ಊದಿಕೊಂಡಿದ್ದರೆ ವೈದ್ಯರೇ ಒಂದು ಸಣ್ಣ ಬತ್ತಿಯನ್ನು ಇಡುತ್ತಾರೆ. ಮದ್ದು ಒಳಗೆ ಇಳಿಯಲೆಂದೇ ಅದನ್ನು ಇಡುವುದು, ಮನೆಯಲ್ಲಿ ಎಳೆದು ತೆಗೆಯಬಾರದು.

ಎಷ್ಟು ದಿನ? ಸಾಮಾನ್ಯವಾಗಿ ಏಳರಿಂದ ಹತ್ತು ದಿನ, ಬೂಷ್ಟಿಗೆ ಇನ್ನೂ ಹೆಚ್ಚು. ವೈದ್ಯರು ಹೇಳಿದ ದಿನಗಳೇ ಲೆಕ್ಕ. ಎರಡು ಮೂರು ದಿನಗಳಲ್ಲಿ ನೋವು ಇಳಿಯಬೇಕು. ಇಳಿದರೂ ಮದ್ದು ನಿಲ್ಲಿಸಬಾರದು. ಇಳಿಯದಿದ್ದರೆ ಮತ್ತೆ ತೋರಿಸಬೇಕು. ಒಂದು ಲೆಕ್ಕ ನೆನಪಿಡಿ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಐದು ಮಿಲಿಲೀಟರಿನ ಸೀಸೆಯಲ್ಲಿ ಸುಮಾರು 100 ಹನಿ. ಮೂರು ಹನಿಯಂತೆ ಮೂರು ಹೊತ್ತು ಹತ್ತು ದಿನ ಹಾಕಿದರೆ 90. ನೀವು ‘ಮುಗಿಯಿತು’ ಎಂದುಕೊಂಡ ದಿನ ಸೀಸೆಯಲ್ಲಿ ಮುಕ್ಕಾಲು ಪಾಲು ಉಳಿದಿದ್ದರೆ ಎಲ್ಲಿಯೋ ತಪ್ಪಿದೆ ಎಂದು ತಿಳಿಯಿರಿ. ಆ ತಾಯಿಯ ಮನೆಯಲ್ಲಿ ಉಳಿದದ್ದು ಮುಕ್ಕಾಲಿಗಿಂತಲೂ ಹೆಚ್ಚು.

ಮದ್ದು ಹಾಕುವ ದಿನಗಳಲ್ಲಿ ಕಿವಿಗೆ ನೀರು ಹೋಗಬಾರದು. ಕೆರೆ, ಹೊಳೆ ಬೇಡ. ತಲೆಗೆ ಸ್ನಾನ ಮಾಡಿಸುವಾಗ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಮಾತ್ರ ಇಟ್ಟು, ಸ್ನಾನವಾದೊಡನೆ ತೆಗೆಯಿರಿ. ಗುಣವಾದ ಮೇಲೂ ಈಜಿ ಬಂದ ಮಗು ತಲೆ ಓರೆ ಮಾಡಿ ನೀರು ಇಳಿಸಿ, ಬೈರಾಸಿನಿಂದ ಹೊರಕಿವಿ ಒರೆಸಿಕೊಳ್ಳಲಿ. ಬೈರಾಸಿನ ತುದಿಯನ್ನು ತಿರುಪಿ ಒಳಗೆ ಹಾಕುವುದು ಬೇಡ.

ಒಬ್ಬರ ಸೀಸೆ ಇನ್ನೊಬ್ಬರಿಗೆ ಬೇಡ. ಹೋದ ವರ್ಷದ ಸೀಸೆ ಈ ವರ್ಷಕ್ಕೆ ಬೇಡ. ಬಿಸಿ ಎಣ್ಣೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಸೊಪ್ಪಿನ ರಸ, ಎದೆಹಾಲು ಇವು ಯಾವುವೂ ಬೇಡ. ಅಜ್ಜಿಯರ ಮೇಲೆ ನನಗೆ ಗೌರವವಿದೆ. ಅವರ ಪ್ರೀತಿಯಲ್ಲಿ ದೋಷವಿಲ್ಲ. ಆದರೆ ತಮಟೆ ತೂತಾಗಿದೆಯೇ ಎಂದು ಅಜ್ಜಿಗೂ ಕಾಣದು. ಬಿಸಿ ಎಣ್ಣೆ ತೆಳು ಚರ್ಮವನ್ನು ಸುಡುತ್ತದೆ, ತೇವ ಉಳಿದು ಸೋಂಕು ಹೆಚ್ಚುತ್ತದೆ. ಕಡಲೆ, ಮಣಿ ಮುಂತಾದುವನ್ನು ಮಗು ಕಿವಿಗೆ ಹಾಕಿಕೊಂಡಿದ್ದರೆ ಹನಿ, ನೀರು ಏನನ್ನೂ ಬಿಡದೆ ಹಾಗೆಯೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಾಳು ನೀರಿಗೆ ಉಬ್ಬುತ್ತದೆ. ಗಡಿಯಾರದ, ಆಟಿಕೆಯ ಗುಂಡಿ ಬ್ಯಾಟರಿ ಆಗಿದ್ದರೆ ಒಂದು ಗಳಿಗೆಯೂ ತಡ ಮಾಡಬೇಡಿ.

ಮದ್ದು ಹಾಕಿದ ಮೇಲೆ ಉರಿ, ತುರಿಕೆ ಹೆಚ್ಚಾಗಿ ಹೊರಕಿವಿ ಕೆಂಪಗೆ ಗುಳ್ಳೆ ಎದ್ದರೆ ಅದು ಮದ್ದಿನ ಅಲರ್ಜಿ ಇರಬಹುದು. ನಿಲ್ಲಿಸಿ, ಕೇಳಿ. ಜ್ವರ ಬಂದರೆ, ಕಿವಿಯ ಹಿಂದೆ ಊದಿ ಹಾಲೆ ಮುಂದಕ್ಕೆ ಬಾಗಿದರೆ, ಮುಖ ಒಂದು ಬದಿಗೆ ವಾಲಿದರೆ, ತಲೆ ತಿರುಗಿ ವಾಂತಿಯಾದರೆ, ಕೇಳಿಸುವುದು ಒಮ್ಮೆಲೇ ಕಡಿಮೆಯಾದರೆ ಮರುದಿನದವರೆಗೆ ಕಾಯಬೇಡಿ. ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದ್ದು ಕಿವಿನೋವು ಬಂದರೆ ಅದನ್ನು ಸಣ್ಣದೆಂದು ಎಣಿಸಲೇಬೇಡಿ. ಅವರಲ್ಲಿ ಈ ಸೋಂಕು ಎಲುಬಿಗೂ ಇಳಿಯಬಹುದು.

ಇನ್ನು ಭಾಷೆಯ ಮಾತು. ಗಡಿಯ ಈಚೆ ಬಾಳುವ ನಮಗೆ ಇದು ದಿನದಿನದ ಅನುಭವ. ವೈದ್ಯರು ಮಲಯಾಳದಲ್ಲಿ ಹೇಳುತ್ತಾರೆ, ಚೀಟಿ ಇಂಗ್ಲಿಷಿನಲ್ಲಿ, ಸೀಸೆಯ ಮೇಲಿನ ಅಕ್ಷರ ಸಾಸಿವೆಯಷ್ಟು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಹೊಸೂರಿನಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು ಇರುವ ನಮ್ಮ ಕನ್ನಡ ತಾಯಂದಿರಿಗೂ ಇದೇ ಪಾಡು. ನನ್ನ ವಿನಂತಿ ಇಷ್ಟೆ: ‘ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನಲು ನಾಚಬೇಡಿ. ವೈದ್ಯರು ಹೇಳಿದ್ದನ್ನು ನೀವೇ ಕನ್ನಡದಲ್ಲೋ ಹರಕುಮುರುಕು ಮಲಯಾಳದಲ್ಲೋ ತಿರುಗಿ ಹೇಳಿ ತೋರಿಸಿ. ಬೆರಳಲ್ಲಿ ಎಣಿಸಿ ತೋರಿಸಿ. ಯಾವ ಕಿವಿ, ಎಷ್ಟು ಹನಿ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ದಿನ, ತಮಟೆ ಸರಿಯಿದೆಯೇ ಎಂಬ ಐದು ಪ್ರಶ್ನೆಗಳನ್ನು ಚೀಟಿಯ ಹಿಂದೆ ಬರೆದುಕೊಂಡು ಹೋಗಿ, ಉತ್ತರವನ್ನು ಅಲ್ಲಿಯೇ ಬರೆದುಕೊಂಡು ಬನ್ನಿ. ಹೇಳಿಕೊಡುವವರು ಯಾರೂ ಸಿಗದಿದ್ದರೆ ಚೀಟಿಯನ್ನು ಮಗುವಿನ ಕೈಯಲ್ಲಿ ಶಾಲೆಗೆ ಕಳುಹಿಸಿ. ಓದಿ ಕನ್ನಡದಲ್ಲಿ ಬರೆದುಕೊಡುವುದು ನಮಗೆ ಭಾರವಲ್ಲ.

ನಮ್ಮ ಸಂಘದಿಂದಲೂ ಒಂದು ಕೆಲಸ ಆಗಲಿ. ಕನ್ನಡಿಗರು ಹೆಚ್ಚಾಗಿ ಬರುವ ಆಸ್ಪತ್ರೆಯಲ್ಲಿ ಮದ್ದು ಕೊಡುವ ಕಿಟಕಿಯ ಬಳಿ ಇಂತಹ ಸೂಚನೆಗಳು ಕನ್ನಡದಲ್ಲಿಯೂ ಇರಲಿ ಎಂದು ಮನವಿ ಬರೆಯೋಣ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲಿಯೇ ಬರೆಯೋಣ. ಸೂಚನೆಯ ಕನ್ನಡ ರೂಪವನ್ನು ನಾವೇ ಸಿದ್ಧಪಡಿಸಿ, ವೈದ್ಯರಿಗೆ ತೋರಿಸಿ ಜೊತೆಗೆ ಇಟ್ಟರೆ ಅವರಿಗೂ ಕೆಲಸ ಹಗುರ.

ಕೊನೆಯ ಮಾತು ನನ್ನ ಸಹೋದ್ಯೋಗಿಗಳಿಗೂ ಸೇರಿದ್ದು. ಕರೆದರೆ ತಿರುಗದ ಮಗು, ಒಂದೇ ಬದಿಗೆ ಕತ್ತು ವಾಲಿಸಿ ಕೇಳುವ ಮಗು, ಪದೇ ಪದೇ ‘ಆಂ?’ ಎನ್ನುವ ಮಗು ಸೋಮಾರಿ ಎಂದು ತೀರ್ಮಾನಿಸುವ ಮೊದಲು ಅದರ ಕಿವಿಯನ್ನು ವಿಚಾರಿಸೋಣ. ಕನ್ನಡದಲ್ಲಿ ಕಲಿಯಲಿ ಎಂದು ತಾವು ಮಕ್ಕಳನ್ನು ನಮ್ಮಲ್ಲಿಗೆ ಕಳುಹಿಸಿದ್ದೀರಿ. ನಾವು ಹೇಳುವ ಕನ್ನಡ ಮೊದಲು ಅವರ ಕಿವಿಗೆ ಬೀಳಬೇಕಷ್ಟೆ. ಈ ಮಳೆಗಾಲದಲ್ಲಿ ತಮ್ಮ ಮನೆಯ ಮದ್ದಿನ ಡಬ್ಬಿಯನ್ನು ಒಮ್ಮೆ ತೆರೆದು ಹಳೆಯ ಸೀಸೆಗಳನ್ನು ಇಂದೇ ಎಸೆಯಿರಿ ಎಂದು ಬೇಡಿಕೊಳ್ಳುತ್ತೇನೆ.